ವ್ರತಿಗಳೂ ಕೊಲೆಸ್ಟರಾಲ್ ಪರೀಕ್ಷೆಯೂ

ದೇಹವು ಧರ್ಮಸಾಧನೆಗೆ ಒದಗಿದ ಉಪಕರಣ. ಉಪಕರಣದ ಸ್ಥಿತಿಯನ್ನು ಅರಿಯದೆ ಸಾಧನೆಗೆ ತೊಡಗುವುದು ವಿವೇಕಿಗಳ ಮಾರ್ಗವಲ್ಲ. ಉಪವಾಸಾದಿ ವ್ರತಗಳನ್ನು ಕೈಕೊಳ್ಳುವ ಶ್ರಾವಕ ಶ್ರಾವಿಕೆಯರು ತಮ್ಮ ಶರೀರದ ಬಲಾಬಲಗಳನ್ನು ತಿಳಿದಿರಬೇಕೆಂಬುದು ಇದರಿಂದಲೇ ಸಿದ್ಧವಾಗುತ್ತದೆ. ಹಿಂದಿನವರು ಇದನ್ನು ನಾಡಿಯಿಂದ, ಹಸಿವಿನಿಂದ, ನಿದ್ರೆಯಿಂದ ಅರಿಯುತ್ತಿದ್ದರು. ಇಂದು ರಕ್ತಪರೀಕ್ಷೆಯೂ ಅದಕ್ಕೆ ಒಂದು ಸಾಧನವಾಗಿದೆ.

ಬೆಂಗಳೂರಿನ ಉತ್ತರ ಭಾಗದ ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರಗಳಲ್ಲಿ ರಕ್ತಪರೀಕ್ಷಾ ಕೇಂದ್ರವಿಲ್ಲದ ದೊಡ್ಡ ಬೀದಿಯೇ ಇಂದು ಅಪರೂಪ. ನಲವತ್ತು ದಾಟಿದವರ ಮನೆಯಲ್ಲಿ ಕೊಲೆಸ್ಟರಾಲ್ ವರದಿಯ ಒಂದು ಹಾಳೆಯಾದರೂ ಇದ್ದೇ ಇರುತ್ತದೆ. ಆದರೆ ಹಾಳೆ ಇರುವುದು ಬೇರೆ, ಅದನ್ನು ಓದಲು ಬರುವುದು ಬೇರೆ. ಓದಲು ಬಾರದುದರಿಂದ ವ್ರತಿಗಳಲ್ಲಿ ಎರಡು ಬಗೆಯ ತಪ್ಪು ತಿಳಿವಳಿಕೆ ಹುಟ್ಟಬಹುದು. ಮೊದಲನೆಯದು: “ಶುದ್ಧ ಶಾಕಾಹಾರ, ರಾತ್ರಿಭೋಜನ ತ್ಯಾಗ, ಪರ್ವದಿನಗಳ ಉಪವಾಸ ಇಷ್ಟೆಲ್ಲ ಇರುವಾಗ ಕೊಲೆಸ್ಟರಾಲ್ ಎಲ್ಲಿಂದ ಬಂದೀತು?” ಎಂದು ವರದಿಯನ್ನೇ ಕಡೆಗಣಿಸುವುದು. ಎರಡನೆಯದು: ದಶಲಕ್ಷಣ ಪರ್ವದ ಉಪವಾಸ ಮುಗಿದ ಮರುದಿನವೇ ಪರೀಕ್ಷೆ ಮಾಡಿಸಿ, ಅಂಕಿ ಏರಿದುದನ್ನು ಕಂಡು ಹೆದರಿ, ಹಿಡಿದ ನೋಂಪಿಯನ್ನು ನಡುವೆಯೇ ಕೈಬಿಡುವುದು. ಒಂದರಲ್ಲಿ ದೇಹಕ್ಕೆ ಹಾನಿ, ಇನ್ನೊಂದರಲ್ಲಿ ವ್ರತಕ್ಕೆ ಹಾನಿ. ಈ ಎರಡೂ ಹಾನಿಗಳನ್ನು ತಪ್ಪಿಸುವ ತಿಳಿವಳಿಕೆಯೇ ಈ ಪಾಠದ ವಿಷಯ.

೧. ಕೊಲೆಸ್ಟರಾಲ್ ಎಂದರೇನು?

ಕೊಲೆಸ್ಟರಾಲ್ ಮೇಣದಂತಹ ಒಂದು ಜಿಡ್ಡು ಪದಾರ್ಥ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರೋಲ್ ಎಂಬಾತನು ಪಿತ್ತಕೋಶದ ಕಲ್ಲುಗಳಲ್ಲಿ ದೊರೆತ ಈ ಪದಾರ್ಥವನ್ನು ಅಭ್ಯಸಿಸಿ ಅದಕ್ಕೆ ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ‘ಪಿತ್ತ’ ಮತ್ತು ‘ಘನ’ ಎಂಬ ಅರ್ಥದ ಎರಡು ಪದಗಳು ಸೇರಿ ಈ ಹೆಸರಾಗಿದೆ.

ಇದು ಸ್ವತಃ ವಿಷವಲ್ಲ. ದೇಹದ ಪ್ರತಿಯೊಂದು ಜೀವಕೋಶದ ಹೊರಪೊರೆಗೂ ಇದು ಬೇಕು. ಪಿತ್ತರಸಕ್ಕೆ ಬೇಕು, ‘ಡಿ’ ಜೀವಸತ್ವಕ್ಕೆ ಬೇಕು, ಹಲವು ಹಾರ್ಮೋನುಗಳಿಗೂ ಬೇಕು. ಆದುದರಿಂದಲೇ ದೇಹವು ಇದಕ್ಕಾಗಿ ಆಹಾರವನ್ನು ಕಾಯುತ್ತ ಕೂಡುವುದಿಲ್ಲ. ಬೇಕಾದುದರ ಬಹುಪಾಲನ್ನು ಯಕೃತ್ತು ಮತ್ತು ಇತರ ಅಂಗಗಳು ತಾವೇ ತಯಾರಿಸಿಕೊಳ್ಳುತ್ತವೆ.

ಈ ಒಂದು ಸಂಗತಿಯಿಂದಲೇ ಮೊದಲ ತಪ್ಪು ತಿಳಿವಳಿಕೆಗೆ ಉತ್ತರ ದೊರೆಯುತ್ತದೆ. ಸಸ್ಯಜನ್ಯ ಆಹಾರದಲ್ಲಿ ಕೊಲೆಸ್ಟರಾಲ್ ಇಲ್ಲವೆಂದೇ ಹೇಳಬಹುದು. ಅದು ಮಾಂಸ, ಮೊಟ್ಟೆ, ಹಾಲು, ಬೆಣ್ಣೆ, ತುಪ್ಪಗಳಲ್ಲಿದೆ. ಮೊದಲಿನೆರಡನ್ನು ಜನ್ಮತಃ ಬಿಟ್ಟಿರುವ ಜೈನರ ಹೊಟ್ಟೆಗೆ ಅದು ಹಾಲಿನ ಪದಾರ್ಥಗಳಿಂದ ಮಾತ್ರ ಸೇರುತ್ತದೆ. ಆದರೂ ಯಕೃತ್ತು ಹೆಚ್ಚು ತಯಾರಿಸಿದರೆ, ಅಥವಾ ರಕ್ತದಿಂದ ಅದನ್ನು ಹಿಂದಕ್ಕೆ ಸೆಳೆದುಕೊಳ್ಳುವ ಕೆಲಸದಲ್ಲಿ ಹಿಂದೆ ಬಿದ್ದರೆ, ಶಾಕಾಹಾರಿಯ ರಕ್ತದಲ್ಲೂ ಅದು ಏರುತ್ತದೆ. ಕೆಲವರಲ್ಲಿ ಈ ದೌರ್ಬಲ್ಯ ವಂಶದಿಂದ ಬಂದಿರುತ್ತದೆ. ಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗೆ ಇಂತಹ ಆನುವಂಶಿಕ ದೋಷವಿರುತ್ತದೆಂದು ವೈದ್ಯವಿಜ್ಞಾನ ಲೆಕ್ಕ ಹಾಕಿದೆ. ಯಕೃತ್ತು ಕೊಲೆಸ್ಟರಾಲನ್ನು ರಕ್ತದಿಂದ ಹಿಡಿದೆಳೆದುಕೊಳ್ಳುವ ‘ಗ್ರಾಹಕ’ಗಳನ್ನು ಕಂಡುಹಿಡಿದ ಅಮೆರಿಕದ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಇಂತಹ ದೋಷವಿರುವ ಮನೆತನದಲ್ಲಿ ತಂದೆಗೋ ಅಣ್ಣನಿಗೋ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾದ ಇತಿಹಾಸ ಇರಬಹುದು. ಆಹಾರಶುದ್ಧಿಯೊಂದೇ ಅದನ್ನು ಸರಿಪಡಿಸಲಾರದು.

೨. ವರದಿಯ ಸಾಲುಗಳು

ಎಣ್ಣೆ ನೀರಿನಲ್ಲಿ ಬೆರೆಯದು. ಹಾಗೆಯೇ ಕೊಬ್ಬು ರಕ್ತದಲ್ಲಿ ಬೆರೆಯದು. ಆದುದರಿಂದ ದೇಹವು ಕೊಬ್ಬನ್ನು ಪ್ರೋಟೀನಿನ ಹೊದಿಕೆಯಲ್ಲಿ ಕಟ್ಟಿ ರಕ್ತದಲ್ಲಿ ಸಾಗಿಸುತ್ತದೆ. ಯಶವಂತಪುರದ ಸಗಟು ಮಾರುಕಟ್ಟೆಯನ್ನು ಕಂಡವರಿಗೆ ಇದು ಸುಲಭವಾಗಿ ತಿಳಿದೀತು. ಸರಕು ಒಂದೇ ಆದರೂ ಅದನ್ನು ತರುವ ಲಾರಿಗಳು ಬೇರೆ, ಒಯ್ಯುವ ಲಾರಿಗಳು ಬೇರೆ. ‘ಒಳ್ಳೆಯ ಕೊಲೆಸ್ಟರಾಲ್’, ‘ಕೆಟ್ಟ ಕೊಲೆಸ್ಟರಾಲ್’ ಎಂಬ ಮಾತು ಬಳಕೆಯಲ್ಲಿದ್ದರೂ ಕೊಲೆಸ್ಟರಾಲಿನಲ್ಲಿ ಎರಡು ಜಾತಿಗಳಿಲ್ಲ. ವ್ಯತ್ಯಾಸವಿರುವುದು ವಾಹನಗಳಲ್ಲಿ. ವರದಿಯ ಸಾಲುಗಳು ಯಾವ ವಾಹನದಲ್ಲಿ ಎಷ್ಟು ಸರಕಿದೆ ಎಂಬುದನ್ನು ತಿಳಿಸುತ್ತವೆ. ಅಂಕಿಗಳೆಲ್ಲ 100 ಮಿಲಿಲೀಟರ್ ರಕ್ತದ್ರವದಲ್ಲಿ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದಲ್ಲಿರುತ್ತವೆ.

ಒಟ್ಟು ಕೊಲೆಸ್ಟರಾಲ್: ಎಲ್ಲ ವಾಹನಗಳಲ್ಲಿರುವ ಸರಕಿನ ಮೊತ್ತ. 200ಕ್ಕಿಂತ ಕಡಿಮೆ ಇರುವುದು ಒಳ್ಳೆಯದೆಂದು ಎಣಿಕೆ. ಆದರೆ ಮೊತ್ತದಿಂದ ಮಾತ್ರವೇ ತೀರ್ಮಾನಕ್ಕೆ ಬರಲಾಗದು.

ಎಲ್‌ಡಿಎಲ್: ಯಕೃತ್ತಿನಿಂದ ಅಂಗಾಂಗಗಳ ಕಡೆಗೆ ಹೊರಟ ವಾಹನ. ಇದು ರಕ್ತದಲ್ಲಿ ಬಹುಕಾಲ ಹೆಚ್ಚಾಗಿ ತಿರುಗಾಡುತ್ತಿದ್ದರೆ ಸರಕು ರಕ್ತನಾಳಗಳ ಗೋಡೆಯೊಳಗೆ ಸೇರಿ ಗಡ್ಡೆಕಟ್ಟುತ್ತದೆ. ಹೃದಯಾಘಾತ, ಪಾರ್ಶ್ವವಾಯುಗಳ ಬೀಜ ಇಲ್ಲಿದೆ. ವರದಿಯಲ್ಲಿ ಮೊದಲು ನೋಡಬೇಕಾದ ಸಾಲು ಇದೇ.

ಎಚ್‌ಡಿಎಲ್: ಅಂಗಾಂಗಗಳಿಂದ ಹೆಚ್ಚಾದುದನ್ನು ಹಿಂದಕ್ಕೆ ತರುವ ವಾಹನ. ಪುರುಷರಲ್ಲಿ 40ಕ್ಕಿಂತ, ಸ್ತ್ರೀಯರಲ್ಲಿ 50ಕ್ಕಿಂತ ಕಡಿಮೆಯಾಗಬಾರದು. ಆದರೆ ಇದು ಹೆಚ್ಚಿದೆಯೆಂದು ಎಲ್‌ಡಿಎಲ್ ಅನ್ನು ಮರೆಯುವಂತಿಲ್ಲ.

ಟ್ರೈಗ್ಲಿಸರೈಡ್: ಇದು ಕೊಲೆಸ್ಟರಾಲ್ ಅಲ್ಲ, ದೇಹವು ಶಕ್ತಿಗಾಗಿ ಕೂಡಿಟ್ಟುಕೊಳ್ಳುವ ಕೊಬ್ಬು. 150ಕ್ಕಿಂತ ಕಡಿಮೆ ಇರಬೇಕು. ಸಕ್ಕರೆ, ಬೆಲ್ಲ, ಮೈದಾ, ಬಿಳಿ ಅನ್ನ ಮಿತಿಮೀರಿದರೂ ಇದು ಏರುತ್ತದೆ. ಎಣ್ಣೆ ತುಪ್ಪಗಳನ್ನು ಬಿಟ್ಟು ಸಿಹಿಯನ್ನು ಮಾತ್ರ ಇಟ್ಟುಕೊಂಡವರು ಇದನ್ನು ಗಮನಿಸತಕ್ಕದ್ದು.

ನಾನ್-ಎಚ್‌ಡಿಎಲ್: ಒಟ್ಟು ಮೊತ್ತದಿಂದ ಎಚ್‌ಡಿಎಲ್ ಅನ್ನು ಕಳೆದರೆ ಉಳಿಯುವುದು. ನಾಳದ ಗೋಡೆಗೆ ಹಾನಿ ಮಾಡಬಲ್ಲ ಎಲ್ಲ ವಾಹನಗಳ ಸರಕೂ ಇದರಲ್ಲಿ ಸೇರುತ್ತದೆ. ವರದಿಯಲ್ಲಿ ಈ ಸಾಲು ಇಲ್ಲದಿದ್ದರೂ ಮನೆಯಲ್ಲೇ ಒಂದು ಕಳೆಯುವ ಲೆಕ್ಕದಿಂದ ತಿಳಿಯಬಹುದು.

೩. ಲೆಕ್ಕದ ಉದಾಹರಣೆ

ಅನೇಕ ಕೇಂದ್ರಗಳಲ್ಲಿ ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯದೆ 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಸಂಗಡಿಗರು ಪ್ರಕಟಿಸಿದ ಸೂತ್ರದಿಂದ ಎಣಿಸುವುದುಂಟು. ಟ್ರೈಗ್ಲಿಸರೈಡನ್ನು 5ರಿಂದ ಭಾಗಿಸಿ, ಬಂದುದನ್ನೂ ಎಚ್‌ಡಿಎಲ್ ಅನ್ನೂ ಒಟ್ಟು ಮೊತ್ತದಿಂದ ಕಳೆಯಬೇಕು. ಟ್ರೈಗ್ಲಿಸರೈಡ್ 400 ದಾಟಿದರೆ ಈ ಸೂತ್ರ ಸಲ್ಲದು.

ಇಬ್ಬರು ಗೃಹಸ್ಥರನ್ನು ಉದಾಹರಣೆಗಾಗಿ ಊಹಿಸಿಕೊಳ್ಳಬಹುದು. ಇಬ್ಬರ ಒಟ್ಟು ಕೊಲೆಸ್ಟರಾಲೂ 210. ಮೊದಲನೆಯವನು ಯಶವಂತಪುರದ ವರ್ತಕ: ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 230. 230ನ್ನು 5ರಿಂದ ಭಾಗಿಸಿದರೆ 46. ಎಲ್‌ಡಿಎಲ್ 210 − 34 − 46 = 130. ನಾನ್-ಎಚ್‌ಡಿಎಲ್ 210 − 34 = 176. ಎರಡನೆಯವರು ಆರ್.ಟಿ. ನಗರದ ಉಪಾಧ್ಯಾಯಿನಿ: ಎಚ್‌ಡಿಎಲ್ 68, ಟ್ರೈಗ್ಲಿಸರೈಡ್ 90. 90ನ್ನು 5ರಿಂದ ಭಾಗಿಸಿದರೆ 18. ಎಲ್‌ಡಿಎಲ್ 210 − 68 − 18 = 124. ನಾನ್-ಎಚ್‌ಡಿಎಲ್ 142.

ಒಟ್ಟು ಮೊತ್ತ ಒಂದೇ, ಎಲ್‌ಡಿಎಲ್ ಕೂಡ ಹೆಚ್ಚು ಕಡಿಮೆ ಒಂದೇ. ಆದರೆ ನಾನ್-ಎಚ್‌ಡಿಎಲ್‌ನಲ್ಲಿ 34ರ ಅಂತರವಿದೆ. ವರ್ತಕನ ರಕ್ತದಲ್ಲಿ ಹಾನಿಕಾರಕ ಸರಕು ಹೆಚ್ಚು, ಹಿಂದಕ್ಕೆ ತರುವ ವಾಹನ ಕಡಿಮೆ. ಅವನಿಗೆ ನಡುವಿನ ಬೊಜ್ಜು, ಸಕ್ಕರೆ ಕಾಯಿಲೆಯ ಆರಂಭ ಇವೆಯೇ ಎಂದು ವೈದ್ಯರು ವಿಚಾರಿಸುವುದು ಇದರಿಂದಲೇ. ಒಂದೇ ಸಾಲನ್ನು ಹಿಡಿದು ತೀರ್ಮಾನಿಸುವುದು ಒಂದೇ ನಯವನ್ನು ಹಿಡಿದು ವಸ್ತುವನ್ನು ಪೂರ್ಣವಾಗಿ ತಿಳಿದೆನೆಂದು ಹೇಳಿದಂತೆ. ಅನೇಕಾಂತವನ್ನು ಅಭ್ಯಸಿಸಿದವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

೪. ಎಷ್ಟಿರಬೇಕು? ಅಂಕಿ ಏನನ್ನು ಹೇಳುವುದಿಲ್ಲ?

ವರದಿಯ ಬಲಬದಿಯಲ್ಲಿ ಅಚ್ಚಾಗಿರುವ ‘ಇರಬೇಕಾದ ಮಿತಿ’ ಎಲ್ಲರಿಗೂ ಒಂದೇ ಆಗಿರುತ್ತದೆ. ಮನುಷ್ಯರು ಒಂದೇ ಆಗಿರುವುದಿಲ್ಲ. ಭಾರತೀಯ ಹೃದ್ರೋಗ ತಜ್ಞರ ಸಂಘವು 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ವಿಶೇಷ ಅಪಾಯವಿಲ್ಲದವರಿಗೆ ಎಲ್‌ಡಿಎಲ್ 100ಕ್ಕಿಂತ ಕಡಿಮೆ, ನಾನ್-ಎಚ್‌ಡಿಎಲ್ 130ಕ್ಕಿಂತ ಕಡಿಮೆ ಇರಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಂತಹ ಅಪಾಯ ಹೆಚ್ಚಿರುವವರಿಗೆ ಎಲ್‌ಡಿಎಲ್ 70ಕ್ಕಿಂತ ಕಡಿಮೆ. ಈಗಾಗಲೇ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಿಗೆ 55ಕ್ಕಿಂತ ಕಡಿಮೆ. ಹೀಗಿರುವಾಗ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರ ವರದಿಯಲ್ಲಿ ಎಲ್‌ಡಿಎಲ್ 95 ಎಂದಿದ್ದು ಪಕ್ಕದಲ್ಲಿ ‘ಮಿತಿಯೊಳಗಿದೆ’ ಎಂದು ಕಂಡರೆ ಅದು ನೆಮ್ಮದಿಯ ಮಾತಲ್ಲ. ಅವರ ಮಟ್ಟಿಗೆ ಅದು ಹೆಚ್ಚೇ.

ಅಲ್ಲದೆ ಈ ಪರೀಕ್ಷೆಯು ಹೃದಯದ ನಾಳದಲ್ಲಿ ಅಡ್ಡಿಯಿದೆಯೇ ಇಲ್ಲವೇ ಎಂಬುದನ್ನು ತೋರಿಸುವುದಿಲ್ಲ. ಅಡ್ಡಿ ಬೆಳೆಯುವ ಸಂಭವ ಎಷ್ಟು ಎಂಬುದರ ಒಂದು ಸೂಚನೆ ಮಾತ್ರ ಅದರಲ್ಲಿದೆ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಎಂಬ ಅಧ್ಯಯನದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜೂ ಪಾಲ್ಗೊಂಡಿತ್ತು. ಹೃದಯಾಘಾತದ ಅಪಾಯದ ಬಹುಭಾಗಕ್ಕೆ ಒಂಬತ್ತು ಕಾರಣಗಳೇ ಸಾಕೆಂದು ಅದು ತೋರಿಸಿತು: ರಕ್ತದ ಕೊಬ್ಬು, ಧೂಮಪಾನ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ನಡುವಿನ ಬೊಜ್ಜು, ಮನಃಕ್ಲೇಶ, ಹಣ್ಣು ತರಕಾರಿಗಳ ಕೊರತೆ, ಮದ್ಯ, ವ್ಯಾಯಾಮದ ಅಭಾವ. ಭಾರತ ಮತ್ತು ನೆರೆಯ ದೇಶಗಳವರಲ್ಲಿ ಮೊದಲ ಹೃದಯಾಘಾತವು ಇತರರಿಗಿಂತ ಐದಾರು ವರ್ಷ ಮುಂಚೆಯೇ, ಸರಾಸರಿ 53ರ ವಯಸ್ಸಿನ ಆಸುಪಾಸಿನಲ್ಲಿ ಬರುತ್ತದೆಂಬುದೂ ಅದರಿಂದ ತಿಳಿದುಬಂದಿತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯು 40 ವರ್ಷದೊಳಗಿನ ಹೃದ್ರೋಗಿಗಳನ್ನು ಕುರಿತು 2017ರಲ್ಲಿ ಪ್ರತ್ಯೇಕ ಅಧ್ಯಯನವನ್ನೇ ಆರಂಭಿಸಬೇಕಾಯಿತು. ಆದುದರಿಂದ ‘ಮುಪ್ಪಿನ ಕಾಯಿಲೆ’ ಎಂದು ಇದನ್ನು ಮುಂದೂಡುವಂತಿಲ್ಲ. ಮೇಲೆ ಹೇಳಿದ ಮಾರ್ಗಸೂಚಿಯು ಮೊದಲ ಪರೀಕ್ಷೆಯನ್ನು 18ನೆಯ ವಯಸ್ಸಿಗೇ ಮಾಡಿಸಬೇಕೆನ್ನುತ್ತದೆ. ಸ್ತ್ರೀಯರಲ್ಲಿ ಮುಟ್ಟು ನಿಂತ ಮೇಲೆ ಎಲ್‌ಡಿಎಲ್ ಏರುವುದುಂಟು. ಮನೆಯವರೆಲ್ಲರ ಔಷಧೋಪಚಾರವನ್ನು ನೋಡಿಕೊಳ್ಳುವ ಗೃಹಿಣಿಯು ತನ್ನ ಪರೀಕ್ಷೆಯನ್ನು ಕಡೆಯವರೆಗೆ ಮುಂದೂಡುವುದು ಸರಿಯಲ್ಲ.

೫. ಪರೀಕ್ಷೆಯ ನಿರಾಹಾರ ಬೇರೆ, ವ್ರತದ ಉಪವಾಸ ಬೇರೆ

ಪರೀಕ್ಷಾ ಕೇಂದ್ರದವರು ‘ಖಾಲಿ ಹೊಟ್ಟೆಯಲ್ಲಿ ಬನ್ನಿ’ ಎನ್ನುವುದುಂಟು. ಇದರ ಅರ್ಥ ಒಂಬತ್ತರಿಂದ ಹನ್ನೆರಡು ಗಂಟೆಗಳ ಕಾಲ ಆಹಾರವಿಲ್ಲದಿರುವುದು ಎಂದಷ್ಟೇ. ನೀರಿಗೆ ಅಡ್ಡಿಯಿಲ್ಲ. ಊಟದ ಬಳಿಕ ಟ್ರೈಗ್ಲಿಸರೈಡ್ ಏರುವುದರಿಂದ ಈ ಕಟ್ಟಳೆ ಹುಟ್ಟಿತು. 2016ರಲ್ಲಿ ಯುರೋಪಿನ ತಜ್ಞರೂ 2024ರಲ್ಲಿ ಭಾರತದ ತಜ್ಞರೂ ಸಾಮಾನ್ಯ ತಪಾಸಣೆಗೆ ನಿರಾಹಾರ ಅನಿವಾರ್ಯವಲ್ಲವೆಂದು ಹೇಳಿದ್ದಾರೆ. ಟ್ರೈಗ್ಲಿಸರೈಡ್ ಬಹಳ ಹೆಚ್ಚಿರುವವರಿಗೆ ಮಾತ್ರ ಖಾಲಿ ಹೊಟ್ಟೆಯ ಪರೀಕ್ಷೆಯನ್ನು ವೈದ್ಯರು ಮತ್ತೆ ಹೇಳಬಹುದು.

ರಾತ್ರಿಭೋಜನ ತ್ಯಾಗಿಗಳಿಗೆ ಈ ಕಟ್ಟಳೆ ಹೊಸದಲ್ಲ. ಬೆಂಗಳೂರಿನಲ್ಲಿ ಸೂರ್ಯಾಸ್ತವು ವರ್ಷದುದ್ದಕ್ಕೂ ಸಂಜೆ 6ರ ಆಸುಪಾಸಿನಿಂದ 7ಕ್ಕೆ ಸ್ವಲ್ಪ ಮುಂಚಿನವರೆಗೆ ಇರುತ್ತದೆ. ಅದಕ್ಕೂ ಮೊದಲು ಊಟ ಮುಗಿಸಿದವರು ಮರುದಿನ ಬೆಳಿಗ್ಗೆ 7ಕ್ಕೆ ರಕ್ತ ಕೊಟ್ಟರೆ ಹನ್ನೆರಡು ಗಂಟೆಗಳು ತಾವಾಗಿಯೇ ತುಂಬಿರುತ್ತವೆ. ಸೂರ್ಯೋದಯದ ಬಳಿಕ ನೀರು ಕುಡಿದೇ ಹೋಗಬಹುದು. ಬಾಯಾರಿದ ದೇಹದಿಂದ ರಕ್ತ ತೆಗೆದರೆ ರಕ್ತ ಮಂದವಾಗಿ ಅಂಕಿಗಳು ತುಸು ಏರಬಹುದು.

ಏಕಭುಕ್ತ ಮಾಡುವವರು ಇಲ್ಲಿ ಎಚ್ಚರವಹಿಸಬೇಕು. ಹಿಂದಿನ ದಿನ 11 ಗಂಟೆಗೆ ಒಂದೇ ಊಟ ಮಾಡಿ ಮರುದಿನ 8ಕ್ಕೆ ರಕ್ತ ಕೊಟ್ಟರೆ ನಡುವೆ 21 ಗಂಟೆಗಳು ಕಳೆದಿರುತ್ತವೆ. ಪರೀಕ್ಷೆ ಕೇಳುವುದು ಇಷ್ಟನ್ನಲ್ಲ. ಪ್ರೋಷಧೋಪವಾಸದ ಅಷ್ಟಮಿ ಚತುರ್ದಶಿಗಳನ್ನೂ ಅವುಗಳ ಮರುದಿನವನ್ನೂ ಬಿಟ್ಟು, ಎಂದಿನ ಊಟದ ದಿನಗಳ ನಡುವೆ ಪರೀಕ್ಷೆಯನ್ನು ಇಟ್ಟುಕೊಳ್ಳುವುದು ಯುಕ್ತ.

೬. ದೀರ್ಘ ಉಪವಾಸದ ಬಳಿಕ ಅಂಕಿ ಏಕೆ ಏರಬಹುದು?

ಉಂಡರೆ ಕೊಲೆಸ್ಟರಾಲ್ ಏರುತ್ತದೆ, ಉಪವಾಸವಿದ್ದರೆ ಇಳಿಯುತ್ತದೆ ಎಂದು ಯಾರಿಗೂ ತೋರುವುದು ಸಹಜ. ದೇಹದ ನಡೆ ಅಷ್ಟು ಸರಳವಲ್ಲ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸ್ಥೂಲಕಾಯರಲ್ಲದ ಹತ್ತು ಮಂದಿ ಆರೋಗ್ಯವಂತರು ಏಳು ದಿನ ಆಹಾರವಿಲ್ಲದೆ ಇದ್ದಾಗ ಅವರ ಸರಾಸರಿ ಎಲ್‌ಡಿಎಲ್ ಸುಮಾರು 115ರಿಂದ 190ರ ಸಮೀಪಕ್ಕೆ ಏರಿತು. ಇದು ಹತ್ತೇ ಮಂದಿಯ ಲೆಕ್ಕವಾದುದರಿಂದ ಎಲ್ಲರಲ್ಲೂ ಇಷ್ಟೇ ಏರುವುದೆಂದು ತಿಳಿಯಬಾರದು. ಏರುವುದು ಸಾಧ್ಯವೆಂಬುದಕ್ಕೆ ಮಾತ್ರ ಇದು ಸಾಕ್ಷಿ.

ಕಾರಣವನ್ನು ತಜ್ಞರು ಹೀಗೆ ವಿವರಿಸುವುದುಂಟು. ಹೊರಗಿನಿಂದ ಆಹಾರ ಬಾರದಾಗ ದೇಹವು ತಾನು ಕೂಡಿಟ್ಟ ಕೊಬ್ಬನ್ನು ಕರಗಿಸಿ ಶಕ್ತಿ ಪಡೆಯುತ್ತದೆ. ಆ ಕೊಬ್ಬಿನ ಜೊತೆಗಿದ್ದ ಕೊಲೆಸ್ಟರಾಲೂ ರಕ್ತಕ್ಕೆ ಬರುತ್ತದೆ. ಅದೇ ವೇಳೆಗೆ ಯಕೃತ್ತು ಎಲ್‌ಡಿಎಲ್ ಅನ್ನು ಹಿಂದಕ್ಕೆ ಸೆಳೆದುಕೊಳ್ಳುವ ವೇಗ ತಗ್ಗುತ್ತದೆ. ಮನೆಯ ಕಣಜವನ್ನು ಬರಿದು ಮಾಡುವ ದಿನ ಅಂಗಳದಲ್ಲೆಲ್ಲ ಧಾನ್ಯ ಹರಡಿರುವುದನ್ನು ಕಂಡು ಆ ಮನೆಯ ವರ್ಷದ ಬೆಳೆ ಇಷ್ಟೆಂದು ಯಾರೂ ಅಳೆಯುವುದಿಲ್ಲ. ಹಾಗೆಯೇ ಭಾದ್ರಪದ ಶುದ್ಧ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದಲ್ಲಾಗಲಿ, ಕಾರ್ತಿಕ, ಫಾಲ್ಗುಣ, ಆಷಾಢಗಳ ಅಷ್ಟಾಹ್ನಿಕದ ಎಂಟು ದಿನಗಳಲ್ಲಾಗಲಿ ದೀರ್ಘ ಉಪವಾಸ ಮಾಡಿದವರ ರಕ್ತದಲ್ಲಿ ಪಾರಣೆಯ ಮರುದಿನ ಕಾಣುವ ಅಂಕಿ ಅವರ ಸ್ಥಿರವಾದ ಅಂಕಿಯಲ್ಲ.

ಪರೀಕ್ಷೆಗೆ ಮುಂಚೆ ಕನಿಷ್ಠ ಎರಡು ಮೂರು ವಾರಗಳ ಕಾಲ ಎಂದಿನ ಆಹಾರವಿರಬೇಕು, ದೇಹದ ತೂಕ ಏರಿಳಿಯದೆ ನಿಂತಿರಬೇಕು ಎಂಬುದು ವೈದ್ಯರ ನಿಯಮ. ಆದುದರಿಂದ ಉತ್ತಮವಾದ ಕ್ರಮವೆಂದರೆ ಶ್ರಾವಣದ ಕಡೆಯಲ್ಲಿ, ಪರ್ವಕ್ಕೆ ಮೊದಲೇ ಪರೀಕ್ಷೆ ಮಾಡಿಸಿಕೊಳ್ಳುವುದು. ತಪ್ಪಿದರೆ ಪಾರಣೆಯಾಗಿ ಒಂದು ತಿಂಗಳು ಕಳೆದ ಮೇಲೆ ಮಾಡಿಸುವುದು. ಜ್ವರ, ಶಸ್ತ್ರಚಿಕಿತ್ಸೆಗಳಾದಾಗಲೂ ಹೀಗೆಯೇ ಕಾಯಬೇಕು. ಆಗ ಅಂಕಿ ಸುಳ್ಳಾಗಿ ಇಳಿದಿರಬಹುದು. ಏನೂ ಕಾರಣವಿಲ್ಲದಿದ್ದರೂ ಒಬ್ಬರದೇ ಅಂಕಿ ವಾರದಿಂದ ವಾರಕ್ಕೆ ನೂರಕ್ಕೆ ಐದರಿಂದ ಹತ್ತರಷ್ಟು ಅತ್ತಿತ್ತ ಆಗುವುದು ಸಹಜ. ಒಮ್ಮೆ ಹೆಚ್ಚೆಂದು ಕಂಡರೆ ಇನ್ನೊಮ್ಮೆ ನೋಡಿಯೇ ನಿರ್ಧರಿಸುವುದು ಇದರಿಂದ. ಥೈರಾಯ್ಡ್ ಗ್ರಂಥಿ ಮಂದವಾಗಿದ್ದರೂ ಎಲ್‌ಡಿಎಲ್ ಏರುತ್ತದಾದುದರಿಂದ ಅದರ ಪರೀಕ್ಷೆಯನ್ನೂ ವೈದ್ಯರು ಕೇಳಬಹುದು.

ಆದರೆ ಈ ಮಾತನ್ನು ನೆಪವಾಗಿ ಬಳಸಬಾರದು. ಉಪವಾಸವಿಲ್ಲದ ದಿನಗಳಲ್ಲೂ ಎಲ್‌ಡಿಎಲ್ 190ರ ಮೇಲೇ ನಿಂತರೆ ಅದು ವ್ರತದ ಫಲವಲ್ಲ. ಅಂಥವರು ವಂಶದ ದೋಷವಿದೆಯೇ ಎಂದು ವಿಚಾರಿಸಿ, ಮಕ್ಕಳನ್ನೂ ಒಡಹುಟ್ಟಿದವರನ್ನೂ ಪರೀಕ್ಷೆಗೆ ಕರೆದೊಯ್ಯಬೇಕು.

೭. ಔಷಧ ಮತ್ತು ವ್ರತ

ಕೊಲೆಸ್ಟರಾಲ್ ಇಳಿಸುವ ಮುಖ್ಯ ಔಷಧಗಳಿಗೆ ಸ್ಟ್ಯಾಟಿನ್ ಎಂದು ಹೆಸರು. ಇವುಗಳ ಮೂಲವನ್ನು ಜಪಾನಿನ ಅಕಿರಾ ಎಂಡೊ ಎಂಬ ವಿಜ್ಞಾನಿಯು 1970ರ ದಶಕದಲ್ಲಿ ಒಂದು ಬೂಷ್ಟಿನಲ್ಲಿ ಕಂಡುಹಿಡಿದನು. ಎಲ್‌ಡಿಎಲ್ ಸುಮಾರು 40ರಷ್ಟು ಇಳಿದರೆ ಹೃದಯಾಘಾತ, ಪಾರ್ಶ್ವವಾಯುಗಳಂತಹ ಆಪತ್ತುಗಳು ಸುಮಾರು ಐದನೆಯ ಒಂದು ಭಾಗದಷ್ಟು ಕಡಿಮೆಯಾಗುತ್ತವೆಂದು ಅನೇಕ ದೊಡ್ಡ ಅಧ್ಯಯನಗಳನ್ನು ಕೂಡಿಸಿ ನೋಡಿದವರು ಕಂಡುಕೊಂಡಿದ್ದಾರೆ.

‘ರಾತ್ರಿ ಮಲಗುವಾಗ ಒಂದು’ ಎಂದು ಚೀಟಿಯಲ್ಲಿ ಬರೆದಿರುತ್ತದೆ. ರಾತ್ರಿ ಚತುರ್ವಿಧಾಹಾರ ತ್ಯಾಗ ಮಾಡಿದವರು ಏನು ಮಾಡಬೇಕು? ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಕೆಲವರು ವ್ರತವನ್ನು ಬಿಡಲಾರದೆ ಮಾತ್ರೆಯನ್ನು ಬಿಡಬಹುದು. ಇದು ಅನಾವಶ್ಯಕ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಅಟೊರ್ವಾಸ್ಟ್ಯಾಟಿನ್, ರೊಸುವಾಸ್ಟ್ಯಾಟಿನ್ ಎಂಬ ಎರಡು ಔಷಧಗಳು ದೇಹದಲ್ಲಿ ದೀರ್ಘಕಾಲ ನಿಲ್ಲುವುದರಿಂದ ದಿನದ ಯಾವ ಹೊತ್ತಿನಲ್ಲಾದರೂ ತೆಗೆದುಕೊಳ್ಳಬಹುದು. ದಿನವೂ ಅದೇ ಹೊತ್ತಾದರೆ ಸಾಕು. ಹಳೆಯದಾದ ಸಿಮ್ವಾಸ್ಟ್ಯಾಟಿನ್ ಮಾತ್ರ ಸಂಜೆಯೇ ಬೇಕೆನ್ನುತ್ತದೆ. ಆದುದರಿಂದ ವೈದ್ಯರಿಗೆ ತಮ್ಮ ನಿಯಮವನ್ನು ಸ್ಪಷ್ಟವಾಗಿ ತಿಳಿಸಿ, ‘ಬೆಳಿಗ್ಗೆ ತೆಗೆದುಕೊಳ್ಳಬಹುದೇ?’ ಎಂದು ಒಂದು ಮಾತು ಕೇಳಿದರೆ ವ್ರತವೂ ಉಳಿಯುತ್ತದೆ, ಚಿಕಿತ್ಸೆಯೂ ನಡೆಯುತ್ತದೆ. ಕೇಳುವುದರಲ್ಲಿ ಸಂಕೋಚ ಬೇಕಾಗಿಲ್ಲ.

ಸ್ಟ್ಯಾಟಿನ್‌ಗಳು ಸಾಮಾನ್ಯವಾಗಿ ಗುಳಿಗೆಯ ರೂಪದಲ್ಲಿರುತ್ತವೆ. ಔಷಧವನ್ನು ತುಂಬಿದ ಕ್ಯಾಪ್ಸೂಲುಗಳ ಹೊರಕವಚವು ಪ್ರಾಣಿಗಳ ಮೂಳೆ ಚರ್ಮಗಳಿಂದ ಮಾಡುವ ಜೆಲಟಿನ್ ಆಗಿರಬಹುದು. ‘ಒಮೆಗಾ-3’ ಎಂದು ಮಾರುವ ಗುಳಿಗೆಗಳಲ್ಲಿ ಅನೇಕವು ಮೀನಿನ ಎಣ್ಣೆ. ಅಹಿಂಸಾವ್ರತಿಗಳು ಪೂರಕ ಆಹಾರದ ಡಬ್ಬಿಗಳ ಮೇಲೆ ಹಸಿರು ಗುರುತಿದೆಯೇ ಎಂದು ನೋಡಿ, ಔಷಧವಾದರೆ ಗುಳಿಗೆಯ ರೂಪದಲ್ಲಿ ದೊರೆಯುವುದೇ ಎಂದು ವಿಚಾರಿಸಿ ಕೊಳ್ಳುವುದು ಯೋಗ್ಯ.

ಇನ್ನು ಪೂರ್ಣ ಉಪವಾಸದ ದಿನಗಳ ಮಾತು. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ವೈದ್ಯರ ಅನುಮತಿಯಿಲ್ಲದೆ ನಿಲ್ಲಿಸಿದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೇ ಅಪಾಯವಾಗಬಹುದು. ಸಕ್ಕರೆ ಕಾಯಿಲೆಯ ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳನ್ನು ತೆಗೆದುಕೊಂಡು ಉಣ್ಣದೆ ಉಳಿದರೆ ಸಕ್ಕರೆ ಕುಸಿದು ಎಚ್ಚರ ತಪ್ಪಬಹುದು. ಇಂಥವರು ನೋಂಪಿಯನ್ನು ಸಂಕಲ್ಪಿಸುವ ಮೊದಲು ಗುರುಗಳ ಬಳಿಗೆ ಹೋಗುವಂತೆ ವೈದ್ಯರ ಬಳಿಗೂ ಹೋಗತಕ್ಕದ್ದು. ತೀರ್ಥಂಕರನಾಮಕರ್ಮಕ್ಕೆ ಕಾರಣವೆಂದು ಹೇಳಲಾದ ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ ತಪಸ್ಸುಗಳ ಜೊತೆಗೆ ‘ಶಕ್ತಿತಃ’ ಎಂಬ ಪದವನ್ನು ಆಚಾರ್ಯರು ಸುಮ್ಮನೆ ಇಟ್ಟಿಲ್ಲ. ಶಕ್ತಿಯನ್ನು ಬಚ್ಚಿಡಬಾರದು, ಶಕ್ತಿಯನ್ನು ಮೀರಲೂ ಬಾರದು ಎಂಬ ಎರಡು ಅರ್ಥಗಳೂ ಆ ಪದದಲ್ಲಿವೆ. ಅನಶನವೊಂದೇ ಬಾಹ್ಯ ತಪಸ್ಸಲ್ಲ. ಅವಮೌದರ್ಯವೂ ರಸಪರಿತ್ಯಾಗವೂ ಅದೇ ಪಂಕ್ತಿಯಲ್ಲಿ ಕುಳಿತಿವೆ. ಅನಶನಕ್ಕೆ ದೇಹ ಒಪ್ಪದವರು ಇವುಗಳನ್ನು ಆಶ್ರಯಿಸಿದರೆ ಕೀಳಾದರೆಂದು ಭಾವಿಸತಕ್ಕದ್ದಲ್ಲ.

೮. ನಿತ್ಯದ ಊಟ

ವರ್ಷದಲ್ಲಿ ಹತ್ತು ದಿನ ಉಪವಾಸವಿರುವುದಕ್ಕಿಂತ ಉಳಿದ ದಿನಗಳಲ್ಲಿ ಉಣ್ಣುವ ರೀತಿಯೇ ರಕ್ತದ ಕೊಬ್ಬನ್ನು ಹೆಚ್ಚಾಗಿ ನಿರ್ಧರಿಸುತ್ತದೆ. ಎಲ್‌ಡಿಎಲ್ ಏರಿಸುವುದರಲ್ಲಿ ಆಹಾರದ ಕೊಲೆಸ್ಟರಾಲಿಗಿಂತ ಮುಖ್ಯವಾದುದು ತಂಪಿಗೆ ಗಟ್ಟಿಯಾಗುವ ಪರ್ಯಾಪ್ತ ಕೊಬ್ಬು. ತುಪ್ಪದಲ್ಲಿ ಇದು ನೂರಕ್ಕೆ ಸುಮಾರು 60, ಕೊಬ್ಬರಿ ಎಣ್ಣೆಯಲ್ಲಿ 80ಕ್ಕೂ ಮೇಲೆ. ಕಡಲೆಕಾಯಿ, ಎಳ್ಳು, ಕುಸುಬೆ, ಸೂರ್ಯಕಾಂತಿ, ಹುಚ್ಚೆಳ್ಳು ಎಣ್ಣೆಗಳಲ್ಲಿ ಕಡಿಮೆ. ಎಣ್ಣೆಯ ಡಬ್ಬಿಯ ಮೇಲೆ ‘ಕೊಲೆಸ್ಟರಾಲ್ ಇಲ್ಲ’ ಎಂದು ಬರೆದಿರುವುದು ಯಾವ ಹೆಚ್ಚುಗಾರಿಕೆಯೂ ಅಲ್ಲ. ಸಸ್ಯಜನ್ಯ ಎಣ್ಣೆ ಯಾವುದರಲ್ಲೂ ಅದಿಲ್ಲ. ಪರ್ಯಾಪ್ತ ಕೊಬ್ಬೆಷ್ಟು ಎಂಬುದನ್ನು ನೋಡಬೇಕು. ವನಸ್ಪತಿಯಲ್ಲಿದ್ದ ‘ಟ್ರಾನ್ಸ್’ ಕೊಬ್ಬು ಇವೆಲ್ಲಕ್ಕಿಂತ ಹಾನಿಕರ. ಅದು ಎಣ್ಣೆ ಕೊಬ್ಬುಗಳಲ್ಲಿ ನ��ರಕ್ಕೆ 2ನ್ನು ಮೀರಬಾರದೆಂದು 2022ರಿಂದ ದೇಶದಲ್ಲಿ ಕಾನೂನಾಗಿದೆ. ಆದರೂ ಒಮ್ಮೆ ಕಾಯಿಸಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿಯುವುದು ಒಳ್ಳೆಯದಲ್ಲ.

ಇಳಿಸುವುದರಲ್ಲಿ ನೆರವಾಗುವುದು ಕಾಳು, ಹಣ್ಣು, ಇಡಿ ಧಾನ್ಯಗಳ ನಾರು. ಹೆಬ್ಬಾಳದಲ್ಲಿ 1964ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾನಿಲಯವು ‘ಹೆಬ್ಬಾಳ ಅವರೆ’ ಎಂಬ ಹೆಸರಿನ ತಳಿಗಳನ್ನೇ ರೂಪಿಸಿ, ಚಳಿಗಾಲಕ್ಕೆ ಮಾತ್ರ ಸೀಮಿತವಾಗಿದ್ದ ಅವರೆಯನ್ನು ಬೇರೆ ಕಾಲದಲ್ಲೂ ಬೆಳೆಯುವಂತೆ ಮಾಡಿದೆ. ಈ ಭಾಗದವರಿಗೆ ಅವರೆ, ಹೆಸರು, ತೊಗರಿ, ಕಡಲೆ, ರಾಗಿಗಳು ಮನೆಯ ಬಾಗಿಲಲ್ಲೇ ದೊರೆಯುವ ಪಥ್ಯ. ಕಾಳನ್ನು ಶೋಧಿಸಿ, ಹಸಿ ಮೊಸರು ಮಜ್ಜಿಗೆಗಳೊಡನೆ ಬೆರೆಸಿ ದ್ವಿದಳ ದೋಷವಾಗದಂತೆ ಬಳಸುವುದು ಶ್ರಾವಕರಿಗೆ ತಿಳಿದ ವಿಷಯವೇ.

ರಸಪರಿತ್ಯಾಗದ ದಿನ ತುಪ್ಪ ಎಣ್ಣೆಗಳನ್ನು ಬಿಟ್ಟು, ಪಾರಣೆಯ ದಿನ ಹೋಳಿಗೆಯ ಮೇಲೆ ತುಪ್ಪವನ್ನು ಧಾರೆಯಾಗಿ ಎರೆದರೆ ದೇಹಕ್ಕೆ ಲಾಭವಿಲ್ಲ, ವ್ರತದ ಆಶಯಕ್ಕೂ ಲಾಭವಿಲ್ಲ. ಪಾರಣೆಯು ಗಂಜಿ, ಹೆಸರುಬೇಳೆಯ ತೊವ್ವೆಗಳಂತಹ ಮಿತಾಹಾರದಿಂದ ಆರಂಭವಾಗಬೇಕೆಂಬ ಹಿರಿಯರ ಪದ್ಧತಿ ಈಗಲೂ ಪ್ರಮಾಣ. ಇದರ ಜೊತೆಗೆ ದಿನಕ್ಕೆ ಅರ್ಧ ಗಂಟೆಯ ನಡಿಗೆ ಸೇರಿದರೆ ಟ್ರೈಗ್ಲಿಸರೈಡ್ ತಗ್ಗಲು ಸಹಾಯವಾಗುತ್ತದೆ.

ಸಾರಾಂಶ

ಶಾಕಾಹಾರವೂ ವ್ರತವೂ ಆರೋಗ್ಯಕ್ಕೆ ನೆರವಾದರೂ ರಕ್ತದ ಕೊಬ್ಬಿನ ವಿಷಯದಲ್ಲಿ ಅಭಯಪತ್ರವಲ್ಲ. ವರದಿಯ ಒಂದೇ ಸಾಲನ್ನಲ್ಲ, ಎಲ್ಲ ಸಾಲುಗಳನ್ನೂ ಓದಬೇಕು. ತನ್ನ ವಯಸ್ಸು, ವಂಶ, ರಕ್ತದೊತ್ತಡ, ಸಕ್ಕರೆಗಳೊಡನೆ ಕೂಡಿಸಿ ಓದಬೇಕು. ದೀರ್ಘ ಉಪವಾಸದ ನಡುವೆ ಅಥವಾ ಅದು ಮುಗಿದೊಡನೆ ತೆಗೆದ ರಕ್ತದಿಂದ ಯಾವ ನಿರ್ಣಯಕ್ಕೂ ಬರಬಾರದು. ಅಂಕಿಗೆ ಹೆದರಿ ವ್ರತವನ್ನು ಬಿಡುವುದೂ ಬೇಡ, ವ್ರತದ ಹೆಸರಿನಲ್ಲಿ ಮಾತ್ರೆಯನ್ನು ಬಿಡುವುದೂ ಬೇಡ. ಎರಡಕ್ಕೂ ಹೊತ್ತನ್ನು ಹೊಂದಿಸಿಕೊಳ್ಳಲು ದಾರಿಯಿದೆ.

ಮನನಕ್ಕೆ ಪ್ರಶ್ನೆಗಳು

1. ಮೊಟ್ಟೆ ಮಾಂಸಗಳನ್ನು ಮುಟ್ಟದವರಲ್ಲೂ ಕೊಲೆಸ್ಟರಾಲ್ ಏರುವುದು ಹೇಗೆ?
2. ಒಟ್ಟು 220, ಎಚ್‌ಡಿಎಲ್ 40, ಟ್ರೈಗ್ಲಿಸರೈಡ್ 200 ಇದ್ದರೆ ಎಲ್‌ಡಿಎಲ್ ಎಷ್ಟು? ನಾನ್-ಎಚ್‌ಡಿಎಲ್ ಎಷ್ಟು?
3. ಎಲ್‌ಡಿಎಲ್ 95 ಎಂಬುದು ಒಬ್ಬರಿಗೆ ಸರಿಯಾಗಿ ಇನ್ನೊಬ್ಬರಿಗೆ ಹೆಚ್ಚಾಗುವುದೇಕೆ?
4. ಅನಂತ ಚತುರ್ದಶಿಯ ಮರುದಿನ ಪರೀಕ್ಷೆ ಮಾಡಿಸುವುದು ಏಕೆ ಉಚಿತವಲ್ಲ?
5. ಮನೆಯಲ್ಲಿ ಔಷಧ ಸೇವಿಸುವವರ ಚೀಟಿಯಲ್ಲಿ ರಾತ್ರಿಯ ಮಾತ್ರೆ ಯಾವುದಿದೆ? ಅದನ್ನು ಹಗಲಿಗೆ ಬದಲಾಯಿಸಬಹುದೇ ಎಂದು ವೈದ್ಯರನ್ನು ಕೇಳಿದ್ದಾಗಿದೆಯೇ?